ಹೆಸರಿಲ್ಲದ ಹಾಡು, ಹೆಸರಿರುವ ಪುಸ್ತಕ

ಹೊಸ ಪುಸ್ತಕವನ್ನು ಕುರಿತು ಮಾತನಾಡಲು ಎದ್ದುನಿಂತ ಲೇಖಕಿಯರು ಬಹುಮಟ್ಟಿಗೆ ಪುಸ್ತಕದಿಂದ ಮಾತು ಆರಂಭಿಸುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ತಾಲೂಕು ಕೇಂದ್ರಗಳಲ್ಲಿ ನಡೆಯುವ ಕೃತಿ ಬಿಡುಗಡೆಯ ಸಭೆಗಳನ್ನೋ, ದತ್ತಿ ಉಪನ್ಯಾಸಗಳ ಕೊನೆಗೆ ಏರ್ಪಡುವ ಸಂವಾದಗಳನ್ನೋ ಗಮನಿಸಿದವರಿಗೆ ಇದು ಪರಿಚಿತ ಸಂಗತಿ. ಕಥೆಯ ವಸ್ತು, ಕಾದಂಬರಿಯ ತಂತ್ರ, ಕವಿತೆಯ ಲಯ ಇವೆಲ್ಲ ಆಮೇಲೆ ಬರುತ್ತವೆ. ಮೊದಲು ಬರುವುದು ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದ ನೆನಪು, ರೊಟ್ಟಿ ಬಡಿದು ಮುಗಿದ ಮೇಲೆ ಉಳಿಯುತ್ತಿದ್ದ ಅಷ್ಟಿಷ್ಟು ಹೊತ್ತು, ಮಕ್ಕಳ ನೋಟುಬುಕ್ಕಿನ ಕೊನೆಯ ಖಾಲಿ ಹಾಳೆಗಳು, ಮೊದಲ ಕವಿತೆ ಪತ್ರಿಕೆಯಲ್ಲಿ ಅಚ್ಚಾದ ದಿನ ಮನೆಯಲ್ಲಿ ಕವಿದ ಮೌನ. ಸಭಿಕರಲ್ಲಿ ಕೆಲವರಿಗೆ ಪೀಠಿಕೆ ಉದ್ದವಾಯಿತೆನಿಸುತ್ತದೆ. ವಿಮರ್ಶೆಯ ಶಿಸ್ತಿನಲ್ಲಿ ಪಳಗಿದವರಿಗಂತೂ ಇದು ಕೃತಿಯನ್ನು ಬಿಟ್ಟು ಕರ್ತೃವಿನ ಕಡೆಗೆ ಜಾರಿದ ಮಾತಾಗಿ ಕಾಣುತ್ತದೆ.

ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಆ ಉದ್ದನೆಯ ಪೀಠಿಕೆಯೇ ಸಭೆಯ ಅತ್ಯಂತ ಬೆಲೆಯುಳ್ಳ ಭಾಗ. ಈ ಮಾತಿಗೆ ಆಧಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ನಾಲ್ಕು ತಾಲೂಕುಗಳ ಎಂಟುನೂರು ವರ್ಷಗಳ ಸಾಹಿತ್ಯದ ನೆನಪಿನಲ್ಲಿ ಅದು ದೊರೆಯುತ್ತದೆ. ಇಲ್ಲಿ ಹೆಣ್ಣುಮಕ್ಕಳು ಕಟ್ಟಿದ ಸಾಹಿತ್ಯಕ್ಕೆ ಎಂದೂ ಕೊರತೆಯಾಗಿಲ್ಲ. ಕೊರತೆಯಾದದ್ದು ಅದನ್ನು ಕಟ್ಟಿದವರು ಯಾರೆಂಬ ದಾಖಲೆಗೆ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಸೀಮೆ ಹಳೆಯ ಬಿಜಾಪುರ, ಇಂದಿನ ವಿಜಯಪುರ ಜಿಲ್ಲೆಯದು. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿಗಳು ಈಚೆಗೆ ಪ್ರತ್ಯೇಕ ತಾಲೂಕುಗಳಾಗಿವೆಯಾದರೂ ಸಾಹಿತ್ಯದ ನೆನಪು ಇನ್ನೂ ಹಳೆಯ ಎಲ್ಲೆಗಳಲ್ಲಿಯೇ ಇದೆ. ಬಸವನ ಬಾಗೇವಾಡಿ ಬಸವಣ್ಣನ ಊರು. ಆದುದರಿಂದಲೇ ಅವನ ಅಕ್ಕ ನಾಗಮ್ಮನ ಊರೂ ಹೌದು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿ, ಬಸವಣ್ಣನ ಮಡದಿ ನೀಲಮ್ಮ ಲಿಂಗೈಕ್ಯಳಾದಳೆಂದು ಸಂಪ್ರದಾಯ ಹೇಳುತ್ತದೆ. ಇಂಡಿ ಸೀಮೆಯ ಹಲಸಂಗಿಯಿಂದ ಕನ್ನಡದ ಮೊದಲ ಸಾಲಿನ ಜನಪದ ಗೀತ ಸಂಕಲನಗಳು ಹೊರಟವು. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಮುಂದೆ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯ ಪ್ರಕಟಣೆಯ ಪ್ರಧಾನ ಸಂಪಾದಕರಾದರು. ನಾಲ್ಕೂ ಕಡೆಯ ಈ ಸಂಗತಿಗಳನ್ನು ಒಂದೆಡೆ ಇಟ್ಟು ನೋಡಿದಾಗ ಕಾಣುವ ಚಿತ್ರ ಕುತೂಹಲಕರವಾದುದು.

ಮೊದಲು ವಚನಕಾರ್ತಿಯರನ್ನು ನೋಡಬಹುದು. ವಚನದ ಕೊನೆಯಲ್ಲಿ ಬರುವ ಅಂಕಿತ ಇಷ್ಟದೈವದ ಹೆಸರು. ವಚನಕಾರರ ಸ್ವಂತ ಹೆಸರಲ್ಲ. ಗಂಡಸರಿಗೂ ಹೆಂಗಸರಿಗೂ ಇದು ಸಮಾನವಾದ ನಿಯಮ. ಆದರೂ ಅಂಕಿತಗಳನ್ನು ಸಾಲಾಗಿ ಓದಿದಾಗ ಒಂದು ಸೂಕ್ಷ್ಮ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಕ್ಕನಾಗಮ್ಮನ ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಅದರಲ್ಲಿ ದೈವದ ಹೆಸರಿನೊಡನೆ ತಮ್ಮನ ಹೆಸರಿದೆ. ಕೃಷ್ಣೆಯ ಆಚೆ, ಲಿಂಗಸುಗೂರು ಸೀಮೆಯ ಅಮರೇಶ್ವರದವಳೆಂದು ಹೇಳಲಾಗುವ ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅದರಲ್ಲಿ ಗಂಡನ ಹೆಸರಿದೆ. ಆ ಗಂಡನನ್ನೇ ಲಕ್ಕಮ್ಮ ತನ್ನ ವಚನಗಳಲ್ಲಿ ನಿರ್ದಾಕ್ಷಿಣ್ಯವಾಗಿ ತಿದ್ದುತ್ತಾಳೆಂಬುದು ಬೇರೆ ಮಾತು. ನೀಲಮ್ಮನದು ‘ಸಂಗಯ್ಯ’ ಎಂಬ ಒಂದೇ ಪದ. ಗಂಗಾಂಬಿಕೆಯ ‘ಗಂಗಾಪ್ರಿಯ ಕೂಡಲಸಂಗ’ದಲ್ಲಿ ಮಾತ್ರ ಒಂದು ಚಮತ್ಕಾರವಿದೆ: ಗಂಗೆಗೆ ಪ್ರಿಯನಾದ ಶಿವ ಎಂದೂ ಅರ್ಥವಾಗುತ್ತದೆ, ಗಂಗಾಂಬಿಕೆಗೆ ಪ್ರಿಯನಾದವನು ಎಂದೂ ಆಗುತ್ತದೆ. ದೈವದ ಹೆಸರಿನ ಮರೆಯಲ್ಲಿ ಒಬ್ಬಳು ಹೆಣ್ಣುಮಗಳು ತನ್ನ ಹೆಸರನ್ನೂ ಇರಿಸಿಹೋಗಿರಬಹುದೆಂದು ಊಹಿಸಲು ಅಲ್ಲಿ ಎಡೆಯುಂಟು.

ಈ ಅಂಕಿತಗಳ ನಿಜವಾದ ಮಹತ್ವ ಗೊತ್ತಾದದ್ದು ಅಚ್ಚಿನ ಯುಗದಲ್ಲಿ. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನೂ ಕೈಬರಹದ ಪ್ರತಿಗಳನ್ನೂ ಮಠಮನೆಗಳಿಂದ ಒಟ್ಟುಮಾಡಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. 1925ರಲ್ಲಿ ಮನೆಯನ್ನೇ ಮಾರಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಿಲ್ಲಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಲ್ಲಿಂದ ಮುಂದೆ ಹಲವು ವಿದ್ವಾಂಸರ ಶ್ರಮದಿಂದ ಕಲಸಿಹೋಗಿದ್ದ ವಚನಗಳು ಒಬ್ಬೊಬ್ಬರ ಹೆಸರಿನಡಿ ವಿಂಗಡಣೆಯಾದವು. ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದು. ಅದನ್ನು ವೀರಣ್ಣ ರಾಜೂರ ಅವರು ಸಂಪಾದಿಸಿದರು. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಅಲ್ಲಿ ಪ್ರತ್ಯೇಕ ಪ್ರತ್ಯೇಕವಾಗಿ ನಿಂತಿದ್ದಾರೆ. ಸೂಳೆ ಸಂಕವ್ವೆಯದು ಉಳಿದಿರುವುದು ಒಂದೇ ವಚನ. ಆದರೆ ಅದರ ಕೊನೆಗೆ ‘ನಿರ್ಲಜ್ಜೇಶ್ವರ’ ಎಂಬ ಅಂಕಿತವಿದೆ. ಆ ಒಂದು ಪದದ ಬಲದಿಂದ ಆಕೆ ಸಾಹಿತ್ಯ ಚರಿತ್ರೆಯಲ್ಲಿ ಒಬ್ಬ ಕರ್ತೃವಾಗಿ ಉಳಿದಿದ್ದಾಳೆ.

ಈಗ ಹಲಸಂಗಿಗೆ ಬರಬಹುದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದವರ ‘ಹಲಸಂಗಿ ಗೆಳೆಯರು’ ಬಳಗ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಿತು. ಹಳ್ಳಿಯ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಆಗಿನ ಕಾಲಕ್ಕೆ ಕಾವ್ಯವೆಂದು ಗುರುತಿಸಿ, ಬರೆದುಕೊಂಡು, ವರ್ಗೀಕರಿಸಿ, ಓದುಗರ ಮುಂದಿಟ್ಟ ಆ ಕೆಲಸ ಸಾಮಾನ್ಯವಾದುದಲ್ಲ. ಹೊಸಗನ್ನಡ ಕಾವ್ಯದ ಮೇಲೆ ಆ ಹಾಡುಗಳ ಪ್ರಭಾವ ಎಷ್ಟೆಂಬುದನ್ನು ನವೋದಯದ ಅಧ್ಯಯನ ಮಾಡಿದವರೆಲ್ಲ ಬಲ್ಲರು. ಆದರೆ ಸಂಕಲನ ಪ್ರಸಿದ್ಧವಾದದ್ದು ಸಂಗ್ರಾಹಕರ ಹೆಸರಿನಿಂದ. ಹಾಡಿದವರೆಲ್ಲ ‘ಗರತಿ’ ಎಂಬ ಒಂದೇ ಪದದೊಳಗೆ ಅಡಗಿಹೋದರು. ಗರತಿ ಎಂಬುದು ವ್ಯಕ್ತಿಯ ಹೆಸರಲ್ಲ. ಕುಟುಂಬದಲ್ಲಿ ಹೆಣ್ಣಿಗೆ ಕೊಟ್ಟ ಸ್ಥಾನದ ಹೆಸರು.

ಇದಕ್ಕೆ ಆ ಗೆಳೆಯರನ್ನು ದೂಷಿಸುವುದು ನ್ಯಾಯವಾಗದು. ಬೀಸುವ ಹಾಡಿನ ಸ್ವರೂಪವೇ ಹಾಗಿತ್ತು. ನಸುಕಿನಲ್ಲಿ ಇಬ್ಬರು ಹೆಂಗಸರು ಬೀಸುಕಲ್ಲಿನ ಒಂದೇ ಗೂಟ ಹಿಡಿದು ಎದುರುಬದುರು ಕುಳಿತು ಜೋಳ ಬೀಸುವಾಗ ಒಬ್ಬಳು ಎತ್ತಿದ ನುಡಿಯನ್ನು ಇನ್ನೊಬ್ಬಳು ಮುಂದುವರಿಸುತ್ತಿದ್ದಳು. ತವರಿನಿಂದ ಕಲಿತುಬಂದ ಹಾಡಿಗೆ ಅತ್ತೆಯ ಮನೆಯಲ್ಲಿ ಹೊಸ ನುಡಿ ಸೇರುತ್ತಿತ್ತು. ಅಣ್ಣನ ಹೆಸರು, ಊರಿನ ದೇವರ ಹೆಸರು, ಮಗನ ಹೆಸರು ಹಾಡಿನೊಳಗೆ ಬದಲಾಗುತ್ತಿದ್ದವು. ಹಾಡುವವಳ ಹೆಸರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಹಾಡು ಎಲ್ಲರದಾಗಿತ್ತು ಎಂಬುದು ನಿಜ. ಎಲ್ಲರದಾದದ್ದರಿಂದಲೇ ಅದು ಉಳಿಯಿತೆಂಬುದೂ ನಿಜ. ಆದರೆ ‘ಎಲ್ಲರದು’ ಎಂಬ ಮಾತು ಪೂರ್ತಿ ಉತ್ತರವಾಗುವುದಿಲ್ಲ. ಯಾವುದೇ ನುಡಿ ಮೊದಲು ಒಬ್ಬಳ ಬಾಯಲ್ಲಿ ಹುಟ್ಟಿರಲೇಬೇಕು. ತಾಯಿಯನ್ನು ನೆನೆದು ಮೂರು ಸಾಲಿನಲ್ಲಿ ಇಡೀ ಬದುಕನ್ನು ಹಿಡಿದಿಟ್ಟವಳು ಒಬ್ಬ ಕವಿಯೇ ಆಗಿದ್ದಳು.

ಅದೇ ಊರಿನ ಇನ್ನೊಂದು ಪರಂಪರೆಯನ್ನು ಪಕ್ಕದಲ್ಲಿಟ್ಟರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಹಲಸಂಗಿ ಲಾವಣಿಗೂ ಹೆಸರಾದ ಊರು. ಖಾಜಾಭಾಯಿಯಂತಹ ಲಾವಣಿಕಾರರು ಅಲ್ಲಿ ಆಗಿಹೋದರು. ಲಾವಣಿಯ ಕೊನೆಯ ನುಡಿಯಲ್ಲಿ ಕವಿಯ ಹೆಸರು, ಊರಿನ ಹೆಸರು, ಗುರುವಿನ ಹೆಸರು ಬರುವುದು ರೂಢಿ. ಲಾವಣಿಯೂ ಬಾಯಿಂದ ಬಾಯಿಗೆ ಸಾಗಿದ್ದೇ, ಅದೂ ಜನಪದದ್ದೇ. ಆದರೆ ಅದು ಬಯಲಿನಲ್ಲಿ, ನೆರೆದ ಜನರ ಮುಂದೆ, ಎದುರು ಮೇಳದೊಡನೆ ಸ್ಪರ್ಧೆಗಿಳಿದು ಹಾಡುವ ಹಾಡು. ಹೆಸರು ಹೇಳಿಕೊಳ್ಳುವುದು ಅಲ್ಲಿ ಅಗತ್ಯವೂ ಆಗಿತ್ತು, ಗೌರವವೂ ಆಗಿತ್ತು. ಬೀಸುವ ಹಾಡು ಒಳಮನೆಯದು. ಅಲ್ಲಿ ಹೆಸರು ಕೇಳುವವರೇ ಇರಲಿಲ್ಲ. ಆದ್ದರಿಂದ ಅನಾಮಿಕತೆ ಜನಪದ ಸಾಹಿತ್ಯದ ಸಹಜ ಗುಣವೆಂಬ ಪಠ್ಯಪುಸ್ತಕದ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಒಂದೇ ಊರಿನಲ್ಲಿ ಬಯಲಿನ ಹಾಡಿಗೆ ಹೆಸರಿತ್ತು, ಒಳಮನೆಯ ಹಾಡಿಗೆ ಇರಲಿಲ್ಲ.

ಇದರ ಪರಿಣಾಮ ವಿಚಿತ್ರವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ನಾಗಮ್ಮನ ಮಾತು ಯಾವುದು ಎಂಬುದನ್ನು ಇಂದು ಬೇರ್ಪಡಿಸಿ ತೋರಿಸಬಹುದು. ಅಲ್ಲಿಂದ ಹೆಚ್ಚು ದೂರವಿಲ್ಲದ ಹಲಸಂಗಿಯಲ್ಲಿ, ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ, ಅಚ್ಚಿನ ಯಂತ್ರವೂ ಅಂಚೆ ಕಚೇರಿಯೂ ಶಾಲೆಯೂ ಇದ್ದ ಕಾಲದಲ್ಲಿ ಹಾಡಿದವಳು ಯಾರೆಂದು ಹೇಳಲಾಗುವುದಿಲ್ಲ. ಅಂಕಿತವಿದ್ದವಳು ಎಂಟು ಶತಮಾನ ದಾಟಿ ಬಂದಳು. ಅಂಕಿತವಿಲ್ಲದವಳು ಒಂದು ಶತಮಾನವನ್ನೂ ದಾಟಲಿಲ್ಲ. ಕಾಲದ ದೂರಕ್ಕಿಂತ ಹೆಸರಿನ ಅಭಾವವೇ ಮರೆವಿಗೆ ದೊಡ್ಡ ಕಾರಣವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಆ ಹೆಸರುಗಳನ್ನು ಕೇಳಿ ತಿಳಿಯುವ ದಾರಿಯೂ ಮುಚ್ಚಿತು.

ಜೈನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಕಂತಿಯ ನೆನಪಾಗುವುದು ಸಹಜ. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಹೇಳಲಾಗುವ ನಾಗಚಂದ್ರ, ಅಂದರೆ ಅಭಿನವ ಪಂಪನ ಜೊತೆಗೆ ಕಂತಿಯ ಹೆಸರನ್ನು ಪರಂಪರೆ ಸೇರಿಸಿದೆ. ಅವನು ಕೊಟ್ಟ ಸಮಸ್ಯೆಗಳನ್ನು ಅವಳು ಪೂರ್ಣಗೊಳಿಸಿದ ಕಥೆಗಳು ‘ಕಂತಿ ಹಂಪನ ಸಮಸ್ಯೆಗಳು’ ಎಂದು ಪ್ರಚಾರದಲ್ಲಿವೆ. ಅವಳು ಐತಿಹಾಸಿಕ ವ್ಯಕ್ತಿಯೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗಮನಿಸಬೇಕಾದ ಅಂಶವೆಂದರೆ ಕಂತಿ ಎಂಬ ಪದಕ್ಕೆ ಜೈನ ಸಂನ್ಯಾಸಿನಿ ಎಂಬುದೇ ಅರ್ಥ. ಗರತಿಯಂತೆ ಅದೂ ಒಂದು ಸ್ಥಾನದ ಹೆಸರು. ಕನ್ನಡದ ಮೊದಲ ಕವಯಿತ್ರಿಯೆಂದು ಕೆಲವರು ಕರೆಯುವವಳಿಗೂ ಸ್ವಂತ ಹೆಸರು ಉಳಿದಿಲ್ಲ. ಇದಕ್ಕೆ ಎದುರಾಗಿ ಅತ್ತಿಮಬ್ಬೆಯ ಹೆಸರು ಅಚ್ಚಳಿಯದೆ ನಿಂತಿದೆ. ರನ್ನನಿಂದ 993ರಲ್ಲಿ ‘ಅಜಿತ ಪುರಾಣ’ವನ್ನು ಬರೆಯಿಸಿದವಳು, ಪೊನ್ನನ ‘ಶಾಂತಿ ಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಆಕೆ. ಬರೆಸಿದವಳ ಹೆಸರು ಕಾವ್ಯದಲ್ಲಿಯೂ ಶಾಸನದಲ್ಲಿಯೂ ಉಳಿಯಿತು; ಬರೆದವಳದು ಕಥೆಯಾಗಿ ಹೋಯಿತು.

ಅಚ್ಚಿನ ಕಾಲ ಬಂದೊಡನೆ ಹೆಸರಿನ ತೊಡಕು ತಾನಾಗಿ ಬಗೆಹರಿಯಲಿಲ್ಲ. ನಂಜನಗೂಡು ತಿರುಮಲಾಂಬಾ 1913ರ ಹೊತ್ತಿಗೆ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಮ್ಮ ಹೆಸರಿನಲ್ಲಿಯೇ ನಡೆಸತೊಡಗಿದ್ದು ದೊಡ್ಡ ಸಾಹಸ. ಆದರೆ ಅವರ ನಂತರದ ತಲೆಮಾರಿನ ಕೊಡಗಿನ ಗೌರಮ್ಮ ತಮ್ಮ ಕಥೆಗಳಿಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’. ಲಕ್ಕಮ್ಮನ ‘ಮಾರಯ್ಯಪ್ರಿಯ’ದಿಂದ ಇಲ್ಲಿಯವರೆಗೆ ಎಂಟು ಶತಮಾನ ಕಳೆದಿದ್ದರೂ ಗಂಡನ ಹೆಸರು ಕದಲದೆ ನಿಂತಿತ್ತು. ಸರಸ್ವತಿಬಾಯಿ ರಾಜವಾಡೆ ‘ಗಿರಿಬಾಲೆ’ಯಾದರು, ಅನಸೂಯಾ ಶಂಕರ್ ‘ತ್ರಿವೇಣಿ’ಯಾದರು. ಜಾನಕಿಯವರು ‘ವೈದೇಹಿ’ಯಾದ ಬಗೆಯನ್ನು ಅವರೇ ಹಲವು ಕಡೆ ಹೇಳಿದ್ದಾರೆ. ‘ಸುಧಾ’ ವಾರಪತ್ರಿಕೆಗೆ ಕಳುಹಿಸಿದ ಕಥೆಯಲ್ಲಿ ನಿಜಜೀವನದ ಸಂಗತಿಯಿತ್ತು. ಅಳುಕಿ, ಪ್ರಕಟಿಸಬೇಡಿರೆಂದು ಕೇಳಿಕೊಂಡರು. ಸಂಪಾದಕರು ಕಥೆಯನ್ನು ಉಳಿಸಿಕೊಂಡು ಹೆಸರನ್ನು ಬದಲಿಸಿದರು. ಅಂಜಿಕೆಯ ಆಸರೆಯಾಗಿ ಬಂದ ಹೆಸರು ಮುಂದೆ ಕನ್ನಡ ಕಥನದ ಒಂದು ವಿಶಿಷ್ಟ ದನಿಯ ಹೆಸರೇ ಆಯಿತು. ಕಾವ್ಯನಾಮ ಎಲ್ಲ ಬರಹಗಾರರಿಗೂ ಒಂದು ಅಲಂಕಾರವಾಗಿದ್ದ ಕಾಲದಲ್ಲಿ ಲೇಖಕಿಯರಿಗೆ ಅದು ಕೆಲವೊಮ್ಮೆ ಸೆರಗೂ ಆಗಿತ್ತು.

ಬಿಜಾಪುರ ಸೀಮೆಯ ನೆರೆಯಲ್ಲಿಯೇ ಈ ಚರಿತ್ರೆ ಬೇರೆ ತಿರುವು ಪಡೆದ ಎರಡು ನಿದರ್ಶನಗಳಿವೆ. ಇಂಡಿಯಿಂದ ಭೀಮೆಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಓದು ನಡೆದದ್ದು ಮರಾಠಿಯಲ್ಲಿ. ಕನ್ನಡವನ್ನು ಅವರು ಸ್ವಪ್ರಯತ್ನದಿಂದ ಕಲಿತರು. ಕಲಿತು ಬರೆದದ್ದು ಸಿದ್ಧರಾಮನ ಪುರಾಣವನ್ನು. ಆಯ್ದುಕೊಂಡ ಛಂದಸ್ಸು ತ್ರಿಪದಿ. ಬೀಸುಕಲ್ಲಿನ ಮುಂದೆ ಹೆಸರಿಲ್ಲದೆ ಹರಿದ ಅದೇ ತ್ರಿಪದಿ ಇಲ್ಲಿ ಒಂದು ಮಹಾಕೃತಿಯ ಮೈಯಾಗಿ, ರಕ್ಷಾಪುಟದ ಮೇಲೆ ಹೆಣ್ಣುಮಗಳ ಹೆಸರನ್ನು ಹೊತ್ತು ಬಂದಿತು. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ದೊರೆತದ್ದು 59 ವರ್ಷಗಳ ಬಳಿಕ, 1974ರಲ್ಲಿ, ಮಂಡ್ಯದಲ್ಲಿ. ಆ ಅಧ್ಯಕ್ಷೆ ಜಯದೇವಿತಾಯಿಯವರೇ. ಎರಡನೆಯವರಾಗಿ ಶಾಂತಾದೇವಿ ಮಾಳವಾಡರು 2000ದಲ್ಲಿ ಬಾಗಲಕೋಟೆಯಲ್ಲಿಯೂ, ಮೂರನೆಯವರಾಗಿ ಕಮಲಾ ಹಂಪನಾ ಅವರು 2003ರಲ್ಲಿ ಮೂಡುಬಿದಿರೆಯಲ್ಲಿಯೂ ಆ ಪೀಠವನ್ನು ಏರಿದರು.

ನಾಲ್ಕನೆಯವರು ಗೀತಾ ನಾಗಭೂಷಣ. 2010ರ ಗದಗ ಸಮ್ಮೇಳನದ ಅಧ್ಯಕ್ಷೆ. ಸಿಂದಗಿಯ ಮೂಡಣಕ್ಕಿರುವ ಕಲಬುರಗಿ ಅವರ ಕರ್ಮಭೂಮಿ. ತಂದೆ ಬಟ್ಟೆ ಗಿರಣಿಯ ಕಾರ್ಮಿಕರು. ಬಡತನದಲ್ಲಿ ಓದಿ, ಗುಮಾಸ್ತೆಯಾಗಿ ದುಡಿಯುತ್ತ ಪದವಿಗಳನ್ನು ಪಡೆದು, ಅಧ್ಯಾಪನಕ್ಕೆ ಬಂದವರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಅವರ ಕಾದಂಬರಿಗಳ ಭಾಷೆ ಕಲಬುರಗಿಯ ಓಣಿಗಳ ಕನ್ನಡ. ಆ ಕನ್ನಡ ಎಲ್ಲಿಂದ ಬಂದಿತೆಂಬುದನ್ನು ಅವರು ಲೇಖಕಿಯಾದ ದಾರಿಯನ್ನು ತಿಳಿಯದೆ ವಿವರಿಸಲಾಗುವುದಿಲ್ಲ. ಬದುಕಿನ ವೃತ್ತಾಂತ ಇಲ್ಲಿ ಕೃತಿಯ ಹೊರಗಿನ ವಿಷಯವಾಗಿ ಉಳಿಯದೆ ಶೈಲಿಯ ಮೂಲವೇ ಆಗಿದೆ.

ಮುದ್ದೇಬಿಹಾಳ ತಾಲೂಕಿನ ಅಗಸಬಾಳದಿಂದ ಬಂದ ಮಲ್ಲಿಕಾ ಘಂಟಿಯವರ ಹೆಸರನ್ನೂ ಇಲ್ಲಿ ನೆನೆಯಬೇಕು. ‘ತುಳಿಯದಿರಿ ನನ್ನ’ ಎಂಬ ಕವನ ಸಂಕಲನದ ಶೀರ್ಷಿಕೆಯಲ್ಲಿಯೇ ‘ನನ್ನ’ ಎಂಬ ಪದವಿದೆ. ತಂಗಡಗಿಯ ತಾಲೂಕಿನಿಂದ ಹೊರಟ ಹೆಣ್ಣುಮಗಳು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಮಹಿಳಾ ಕುಲಪತಿಯಾದರೆಂಬುದು ಆ ಸೀಮೆಯ ವಿದ್ಯಾರ್ಥಿನಿಯರಿಗೆ ಕೇವಲ ಹೆಮ್ಮೆಯ ಸಂಗತಿಯಲ್ಲ. ದಾರಿಯೊಂದು ಇದೆ ಎಂಬ ಭರವಸೆ. 2003ರಲ್ಲಿ ಬಿಜಾಪುರದಲ್ಲಿ ಸ್ಥಾಪನೆಯಾಗಿ, ಈಗ ಅಕ್ಕಮಹಾದೇವಿಯ ಹೆಸರನ್ನು ಪಡೆದಿರುವ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಈ ದಾರಿಯನ್ನು ಇನ್ನಷ್ಟು ಅಗಲಗೊಳಿಸಿದೆ. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಸ್ನಾತಕೋತ್ತರ ಪದವಿ ದೊರೆಯುವುದು ಎಂದರೆ ಇಂಡಿ, ಸಿಂದಗಿಗಳ ಎಷ್ಟೋ ಮನೆಗಳಲ್ಲಿ ಮದುವೆಯ ಮಾತು ಎರಡು ವರ್ಷ ಮುಂದಕ್ಕೆ ಹೋಗುವುದು ಎಂದೇ ಅರ್ಥ. ಆ ಎರಡು ವರ್ಷಗಳಲ್ಲಿ ಮೊದಲ ಸಂಕಲನದ ಕವಿತೆಗಳು ಹುಟ್ಟುತ್ತವೆ.

ಎಲ್ಲರಿಗೂ ಆ ಎರಡು ವರ್ಷ ಸಿಗುವುದಿಲ್ಲ. ಲೇಖಕಿಯರ ಸಾಹಿತ್ಯಕ ವಯಸ್ಸು ಅವರ ದೇಹದ ವಯಸ್ಸಿನೊಡನೆ ಹೊಂದಿಕೊಂಡು ಹೋಗುವುದು ವಿರಳ. 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ‘ಫಣಿಯಮ್ಮ’ 1976ರಲ್ಲಿ. ಮೊದಲ ಕಾದಂಬರಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಕನ್ನಡದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ನೆರವು ನೀಡುವ ಯೋಜನೆಗಳಿವೆ; ಅವು ಬೇಕಾದಂಥವೇ. ಆದರೆ ‘ಚೊಚ್ಚಲ’ ಮತ್ತು ‘ಯುವ’ ಎಂಬ ಎರಡು ಪದಗಳನ್ನು ಒಟ್ಟಿಗೆ ಕಟ್ಟಿದಾಗ ಹೊರಗುಳಿಯುವವರು ಯಾರು ಎಂದು ಯೋಚಿಸಬೇಕು. ಮಕ್ಕಳನ್ನು ದಡ ಮುಟ್ಟಿಸಿ, ಅತ್ತೆಮಾವಂದಿರ ಮುಪ್ಪನ್ನು ನೋಡಿಕೊಂಡು, ಐವತ್ತರಲ್ಲಿ ಮೊದಲ ಹಸ್ತಪ್ರತಿಯನ್ನು ಸಿದ್ಧಪಡಿಸಿದ ಸಿಂದಗಿಯ ಗೃಹಿಣಿಗೆ ಆ ನೆರವು ದೊರೆಯದು. ಇಂದಿರಾ ಅವರಿಗೂ ದೊರೆಯುತ್ತಿರಲಿಲ್ಲ.

ಹೆಸರಿನ ತೊಡಕಂತೂ ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿನ ರೂಢಿ ಗಟ್ಟಿಯಾದುದು. ಮದುವೆಯೊಡನೆ ಅಡ್ಡಹೆಸರು ಬದಲಾಗುತ್ತದೆ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಹೆಸರನ್ನೇ ಬದಲಿಸುವ ವಾಡಿಕೆಯೂ ಇತ್ತು. ಕಾಲೇಜಿನ ದಿನಗಳಲ್ಲಿ ತವರಿನ ಅಡ್ಡಹೆಸರಿನಲ್ಲಿ ಕಥೆಗಳನ್ನು ಪ್ರಕಟಿಸಿದವರು ಹದಿನೈದು ವರ್ಷದ ಮೇಲೆ ಗಂಡನ ಅಡ್ಡಹೆಸರಿನಲ್ಲಿ ಸಂಕಲನ ತಂದರೆ, ಸಂಶೋಧಕರ ಪಟ್ಟಿಯಲ್ಲಿ ಅವರು ಇಬ್ಬರು ಲೇಖಕಿಯರಾಗುತ್ತಾರೆ. ನಡುವಿನ ಹದಿನೈದು ವರ್ಷಗಳ ಮೌನ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಇಬ್ಬರೂ ಒಬ್ಬರೇ ಎಂಬುದು ತಿಳಿಯುವುದು ಆಕೆ ತಾನಾಗಿ ಬಾಯಿಬಿಟ್ಟು ಹೇಳಿದಾಗ ಮಾತ್ರ. ಹೊಸ ಪುಸ್ತಕದ ಸಭೆಯಲ್ಲಿ ಕೇಳಿಬರುವ ಆ ಉದ್ದನೆಯ ಪೀಠಿಕೆಯ ಬೆಲೆ ಇರುವುದು ಇಲ್ಲಿ.

ಇದಕ್ಕೆ ಒಂದು ಆಕ್ಷೇಪವುಂಟು. ಲೇಖಕಿ ಬರೆದ ದಾರಿಯ ಕಷ್ಟವನ್ನು ಕೇಳಿ ಮನ ಕರಗಿದ ಓದುಗ ಬರೆದುದರ ಗುಣವನ್ನು ಅಳೆಯಲಾರ. ಕಷ್ಟಕ್ಕೆ ಕೊಡುವ ಮರ್ಯಾದೆ ಕಾವ್ಯಕ್ಕೆ ಸಂದಂತಾಗುವುದಿಲ್ಲ. ಆಕ್ಷೇಪ ಸರಿಯಾದುದೇ. ದುರ್ಬಲವಾದ ಕಥೆ ಕಷ್ಟದಲ್ಲಿ ಹುಟ್ಟಿತೆಂಬ ಕಾರಣಕ್ಕೆ ಸಬಲವಾಗದು. ಹಾಗೆ ರಿಯಾಯಿತಿ ತೋರಿಸುವುದು ಲೇಖಕಿಯರಿಗೆ ಮಾಡುವ ಉಪಕಾರವೂ ಅಲ್ಲ. ಆದರೆ ಬೆಲೆ ಕಟ್ಟುವುದು ಬೇರೆ, ದಾಖಲಿಸುವುದು ಬೇರೆ. ವಿಮರ್ಶಕ ಪುಸ್ತಕವನ್ನು ತೂಗಲಿ. ಚರಿತ್ರಕಾರ ಮಾತನ್ನು ಬರೆದುಕೊಳ್ಳಲಿ. ಹಲಸಂಗಿಯ ಗೆಳೆಯರು ಹಾಡನ್ನು ತೂಗುವುದರಲ್ಲಿ ತಪ್ಪಲಿಲ್ಲ, ಅದರ ಬೆಲೆಯನ್ನು ಎಲ್ಲರಿಗಿಂತ ಮೊದಲೇ ಕಂಡರು. ‘ಇದನ್ನು ಹಾಡಿದವರು ಯಾರು, ಯಾರಿಂದ ಕಲಿತರು, ಯಾವ ನುಡಿ ಅವರದೇ’ ಎಂಬ ಪ್ರಶ್ನೆ ಆ ಕಾಲದ ವಿದ್ವತ್ತಿನ ಪದ್ಧತಿಯಲ್ಲಿಯೇ ಇರಲಿಲ್ಲ. ಇಂದಿನ ಪದ್ಧತಿಯಲ್ಲಿ ಅದು ಇದೆ. ಇದ್ದೂ ಕೇಳದಿದ್ದರೆ ಆ ಲೋಪಕ್ಕೆ ಕಾಲವನ್ನು ಹೊಣೆ ಮಾಡಲಾಗದು.

ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ಎಲ್ಲ ಕಡೆಯಿಂದಲೂ ಬಂದ ಪ್ರಶ್ನೆಗಳಲ್ಲಿ ಒಂದು, ಅವರು ಲೇಖಕಿಯಾದದ್ದು ಹೇಗೆ ಎಂಬುದು. ಎಂಟರ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ್ದು, ಬಂಡಾಯದ ದಿನಗಳು, ‘ಲಂಕೇಶ್ ಪತ್ರಿಕೆ’ಯ ವರದಿಗಾರಿಕೆ, ವಕೀಲಿ ವೃತ್ತಿ ಇವೆಲ್ಲವೂ ಆ ಕಥೆಗಳ ಓದಿಗೆ ಬೇಕಾದ ವಿವರಗಳಾದವು. ಹಾಸನದ ಲೇಖಕಿಯನ್ನು ಜಗತ್ತು ಕೇಳಿದ ಪ್ರಶ್ನೆಯನ್ನು ಇಂಡಿಯ ಲೇಖಕಿಯನ್ನು ಪಕ್ಕದ ಓಣಿಯ ಕಾಲೇಜಿನ ವಿದ್ಯಾರ್ಥಿನಿ ಕೇಳಲು ಯಾವ ಪ್ರಶಸ್ತಿಗೂ ಕಾಯಬೇಕಾಗಿಲ್ಲ. ಮೊದಲು ಬರೆದದ್ದು ಯಾವಾಗ, ಯಾವ ಹೊತ್ತಿನಲ್ಲಿ, ಯಾವ ಹೆಸರಿನಲ್ಲಿ, ಮೊದಲು ಓದಿದವರು ಯಾರು, ಹರಿದು ಹಾಕಿದ್ದೆಷ್ಟು, ಅಚ್ಚಿನ ಖರ್ಚು ಹೇಗೆ ಒದಗಿತು. ಉತ್ತರವನ್ನು ಲೇಖಕಿಯ ಮಾತಿನಲ್ಲಿಯೇ, ದಿನಾಂಕ, ಊರುಗಳೊಡನೆ ಬರೆದಿಟ್ಟರೆ ಸ್ನಾತಕೋತ್ತರ ವರ್ಗದ ಒಂದು ಕಿರುಪ್ರಬಂಧಕ್ಕೆ ಅಷ್ಟೇ ಸಾಕು. ಮೂವತ್ತು ವರ್ಷಗಳ ಬಳಿಕ ಅದು ಮೂಲ ಆಕರವಾಗುತ್ತದೆ.

ತಾಲೂಕಿನ ಗ್ರಂಥಾಲಯಗಳಲ್ಲಿ ಹೊಸ ಪುಸ್ತಕ ಬಂದಾಗ ದಾಖಲೆ ವಹಿಯಲ್ಲಿ ಒಂದು ಸಾಲು ಸೇರುತ್ತದೆ. ಕ್ರಮಸಂಖ್ಯೆ, ದಿನಾಂಕ, ಪುಸ್ತಕದ ಹೆಸರು, ಲೇಖಕರ ಹೆಸರು, ಪುಟ, ಬೆಲೆ. ‘ಗರತಿಯ ಹಾಡು’ ಎಂಬ ಸಾಲಿನಲ್ಲಿ ಲೇಖಕರ ಮನೆಗೆ ಹಲಸಂಗಿ ಗೆಳೆಯರೆಂಬ ಹೆಸರು ಬರುತ್ತದೆ. ಹಾಡಿದವರ ಹೆಸರಿಗೆ ಆ ವಹಿಯಲ್ಲಿ ಮನೆಯೇ ಇಲ್ಲ. ಅದೇ ವಹಿಯ ಮುಂದಿನ ಪುಟಗಳಲ್ಲಿ ಇಂದು ಹೆಣ್ಣುಮಕ್ಕಳ ಹೆಸರುಗಳು ಒಂದೊಂದಾಗಿ ಬಂದು ಕೂಡುತ್ತಿವೆ. ಹೆಸರು ಬಂದಾಯಿತು. ಆ ಹೆಸರಿನ ಹಿಂದಿನ ದಾರಿಯನ್ನು ಬರೆದಿಡುವ ಕೆಲಸ ಬಾಕಿ ಇದೆ. ಹೇಳಬಲ್ಲವರು ಸಭೆಯಲ್ಲಿ ಎದ್ದುನಿಂತು ಹೇಳುತ್ತಿರುವಾಗಲೇ ಅದು ಆಗಬೇಕು.